ಚಾಳಿನ ಮನೆಗೆ ಸಾಕ್ಷಿ

ಗಿರಣಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ, ಅದರ ಕಾರ್ಮಿಕರಿದ್ದ ಚಾಳಿನ ಮನೆಗಳನ್ನು ಅಲ್ಲಿ ಹುಟ್ಟಿ ಬೆಳೆದವರ ಹೆಸರಿಗೆ ಮಾಡಿಕೊಡುತ್ತಾರೆಂಬ ಸುದ್ದಿ ಬಂತು. ಎಂದೋ ಚಾಳು ಬಿಟ್ಟು ಹೋಗಿದ್ದ ಕಸ್ತೂರಿಯ ಬಳಿ ಕಾಗದವಿರಲಿಲ್ಲ. ಪಕ್ಕದ ಮನೆಯ ಸಂಗವ್ವನ ಸಾಕ್ಷಿಯೊಂದೇ ಆಸರೆ.

“ಯವ್ವಾ, ನಮ್ಮ ಕಸ್ತೂರಿ!” ಮುದುಕಿ ಅವಳ ಗಲ್ಲ ಸವರಿದಳು. “ನಳದ ಪಾಳ್ಯಾಗ ಕೊಡದ ಬದಲಿ ನಿನ್ನ ನಿಂದರಸತಿದ್ಲಲ್ಲ ನಿಮ್ಮವ್ವ! ಗಿರಣಿ ಭೋಂಗಾ ಕೂಗಿದ್ರ ಅಪ್ಪ ಬಂದಾ ಅಂತ ಮೈಮ್ಯಾಲ ಅರಿವಿ ಇಲ್ಲದ ಓಡತಿದ್ದಿ.”

“ನನಗ ಹಾಲು ಕುಡಿಸಿದಾಕಿ ನೀ ಅಲ್ಲೇನ, ಚಿಗವ್ವಾ?”

“ಮತ್ತ! ನಿಮ್ಮವ್ವ ಕೆಲಸಕ್ಕ ಹೋದ್ರ ನನ್ನ ಮಡಿಲಾಗ ಬೆಳದಾಕಿ ನೀ.”

ಬಸ್ಸಿನಲ್ಲಿ ಕಚೇರಿಯವರೆಗೂ ಸಂಗವ್ವ ಅವಳ ಕೈ ಬಿಡಲಿಲ್ಲ.

“ಅಜ್ಜೀ, ಇವರು ಯಾರಂತ ಗೊತ್ತೈತೇನು?” ಗುಮಾಸ್ತ ಕೇಳಿದ.

ಸಂಗವ್ವ ಸೆರಗು ಸರಿಪಡಿಸಿಕೊಂಡಳು.

“ಬಸ್ಸಿನ್ಯಾಗ ಬಾಜೂ ಕುಂತಿದ್ರು ನೋಡ್ರಿ. ಇವರು ಕೇಳೂ ಮನ್ಯಾಗ ಮೊದಲಿಂದ್ಲೂ ಇರೂದು ನನ್ನ ಮಗ.”