ಕಿತ್ತಳೆಯೋ ನೀಲಿಯೋ

“ಅಣ್ಣ, ಆ ಕಿತ್ತಳೆ ಬಣ್ಣದ್ದೇ ತಗೊಳ್ಳಿ. ನಾಳೆ ಎದುರುಗಾಳಿಗೆ ಅದೇ ಸರಿ” ಎಂದು ಷಡ್ಡಕ ಹೇಳಿದ್ದೇ ತಡ, ಬೀಗ ರಿಪೇರಿಯವನ ಕೈ ಕೆಂಡ ಮುಟ್ಟಿದಂತೆ ಹಿಂದಕ್ಕೆ ಬಂತು. ಅರೆಗಳಿಗೆಯ ಹಿಂದೆ ಅವನು ಮನಸ್ಸಿನಲ್ಲೇ ಆರಿಸಿಕೊಂಡಿದ್ದುದೂ ಆ ಕಿತ್ತಳೆ ಡಿಸ್ಕನ್ನೇ.

ಅಂಗಡಿಯ ಗಾಜಿನ ಮೇಜಿನ ಮೇಲೆ ಉಳಿದಿದ್ದದ್ದು ಎರಡೇ ಡಿಸ್ಕು. ಇನ್ನೊಂದು ನೀಲಿ. ತಟ್ಟೆಯಂಥ ಡಿಸ್ಕನ್ನು ಕಂಬಕ್ಕೆ ಕಟ್ಟಿದ ಸರಪಳಿ ಬುಟ್ಟಿಗೆ ಎಸೆಯುವ ಆಟ ಡಿಸ್ಕ್ ಗಾಲ್ಫ್; ಅದರಲ್ಲಿ ದೂರದ ಬುಟ್ಟಿಗೆ ಮೊದಲ ಎಸೆತಕ್ಕೆ ಬಳಸುವ ‘ಡ್ರೈವರ್‌’ಗಳು ಇವು. ಆಡುವವರ ಬಾಯಲ್ಲಿ ‘ಓವರ್‌ಸ್ಟೇಬಲ್’. ಸಾಧು ಡಿಸ್ಕುಗಳು ಎದುರುಗಾಳಿ ಸಿಕ್ಕಿದ ಕೂಡಲೇ ಬಲಕ್ಕೆ ಮಗುಚಿಕೊಂಡು ಎಲ್ಲೋ ಹಾಳಾಗಿ ಹೋಗುತ್ತವೆ. ಇವು ಹಟಮಾರಿಗಳು. ಗಾಳಿ ಎಷ್ಟೇ ದಬ್ಬಿದರೂ ಜಗ್ಗದೆ ಹೋಗಿ, ಕೊನೆಗೆ ತಮ್ಮಿಷ್ಟದಂತೆ ಎಡಕ್ಕೇ ಇಳಿಯುತ್ತವೆ. ನಾಳೆ ಗಾಳಿ ಜೋರು ಎಂಬ ಸುದ್ದಿ ಹಬ್ಬಿದ್ದೇ ಕ್ಲಬ್ಬಿನವರೆಲ್ಲ ಬಂದು ಮಿಕ್ಕವನ್ನು ಬಾಚಿಕೊಂಡು ಹೋಗಿದ್ದರು.

ಕ್ಲಬ್ಬಿನ ತಂಡದಲ್ಲಿ ಖಾಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಷಡ್ಡಕರಿಬ್ಬರೂ ಸಮಸಮ. ನಾಳೆ ಬೆಳಿಗ್ಗೆ, ಹೊಂಡದ ಪಕ್ಕದ ಕೊನೆಯ ಬುಟ್ಟಿಗೆ ಎಸೆದು ತೀರ್ಮಾನ. ಬೀಗದವನಿಗೆ ಮೂರು ವರ್ಷ ಕೂದಲೆಳೆಯಲ್ಲಿ ತಪ್ಪಿಹೋದ ಜಾಗ ಅದು. ಮೆಟ್ಟಿಲು ಹತ್ತುವಾಗ ಈಗಲೇ ಎಣ್ಣೆ ಕಾಣದ ಕೀಲಿನಂತೆ ಕಿರುಗುಟ್ಟುವ ಮಂಡಿ ಮುಂದಿನ ವರ್ಷಕ್ಕೆ ಉಳಿದಿರುತ್ತದೆ ಎಂಬ ನಂಬಿಕೆ ಅವನಿಗೆ ಇರಲಿಲ್ಲ.

“ಮತ್ತೆ ನಿನಗೆ?” ಎಂದು ಕೇಳಿದ.

“ನನಗೆ ನೀಲಿ ಸಾಕಣ್ಣ. ನೀವು ದೊಡ್ಡವರು, ಮೊದಲು ನೀವು ಆರಿಸಿ” ಎಂದ ಷಡ್ಡಕ. ಅಷ್ಟರಲ್ಲಿ ಫೋನು ಬಂತೆಂದು ಹೊರಗೆ ಹೋದ. ಅವನು ವಿಮೆ ಏಜೆಂಟ್; ಫೋನು ಸದಾ ಬರುತ್ತಲೇ ಇರುತ್ತದೆ.

ಬೀಗದವನು ಅಂಗಡಿಯಾಕೆಯ ಕಡೆ ಬಾಗಿ, ಏಜೆಂಟನ ಬೆಣ್ಣೆ ಸವರಿದ ದನಿಯನ್ನೇ ಗಂಟಲಿಗೆ ತಂದುಕೊಂಡ. “‘ಸಾರ್, ಹಾಗಾಗೋದು ಬೇಡ, ಆದರೂ ನಾಳೆ ನೀವೇ ಇಲ್ಲದಿದ್ರೆ...’ ಹೀಗೆ ಶುರು ಮಾಡ್ತಾನೆ ನೋಡಿ. ಎದುರಿಗೆ ಕೂತವನು ತಾನು ಸತ್ತೇ ಹೋದೆ ಅಂದ್ಕೊಂಡು ಸಹಿ ಹಾಕಿಬಿಡಬೇಕು! ಇಂಥವನು ನನಗೆ ಒಳ್ಳೇ ಡಿಸ್ಕ್ ಬಿಟ್ಟುಕೊಡ್ತಾನಂತೆ.”

ಆಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. “ಎರಡೂ ಒಂದೇ ಅಚ್ಚಿಂದ ಬಂದಿರೋವು ಸಾರ್. ಆದರೆ ಅವಳಿ ಮಕ್ಕಳ ಹಾಗೆ, ಗುಣ ಬೇರೆ ಬೇರೆ. ನೀವೇ ನೋಡ್ಕೊಳ್ಳಿ.”

ಬೀಗದವನು ಜೇಬಿನಿಂದ ಹಲ್ಲು ಕೊರೆಯದ ಒಂದು ಬೋಳು ಕೀಲಿ ತೆಗೆದ. ಎರಡು ಡಿಸ್ಕನ್ನೂ ಗಾಜಿನ ಮೇಲೆ ಮಟ್ಟಸವಾಗಿ ಇಟ್ಟು, ಕೀಲಿಯನ್ನು ಅಂಚಿಗೆ ನೆಟ್ಟಗೆ ಹಿಡಿದು, ಅಂಚಿನ ಸುತ್ತ ಓಡುವ ಬೆಸುಗೆಯ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ಉಗುರಿನಿಂದ ಗುರುತು ಮಾಡಿದ. ಗೆರೆ ಎತ್ತರವಿದ್ದಷ್ಟೂ ಹಟ ಜಾಸ್ತಿ. ಕಿತ್ತಳೆಯದ್ದು ಒಂದು ಕೂದಲಿನಷ್ಟು ಮೇಲಿತ್ತು. ಹೆಬ್ಬೆರಳಿನಿಂದ ನೆತ್ತಿ ಒತ್ತಿದ. ಕಿತ್ತಳೆ ಕಲ್ಲಿನ ಹಾಗೆ, ಚಪ್ಪಟೆ. ನೀಲಿಯ ನೆತ್ತಿ ಕೊಂಚ ಉಬ್ಬಿತ್ತು, ಒತ್ತಿದರೆ ತಗ್ಗುತ್ತಿತ್ತು. ಮತ್ತೆ ಅಳೆದ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಅಳೆದ. ಯಾವ ಕಡೆಯಿಂದ ನೋಡಿದರೂ ಕಿತ್ತಳೆಯೇ.

ಅಲ್ಲೇ ಅವನಿಗೆ ಅನುಮಾನ ಬಲಿತದ್ದು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವನು ಕಂಡುಕೊಂಡದ್ದು ಒಂದೇ: ಮುಟ್ಟಿದೊಡನೆ ತೆರೆದುಕೊಳ್ಳುವ ಬೀಗವನ್ನು ಯಾರೋ ಮೊದಲೇ ಮುಟ್ಟಿರುತ್ತಾರೆ. ಐಬು ಸಿಗಲಿಲ್ಲ ಎಂದರೆ ಐಬು ಇಲ್ಲವೆಂದಲ್ಲ. ಚೆನ್ನಾಗಿ ಬಚ್ಚಿಟ್ಟಿದ್ದಾರೆ ಎಂದು. ಬಾಗಿಲಾಚೆ ಷಡ್ಡಕ ಫೋನಿನಲ್ಲಿ ನಗುತ್ತಿದ್ದ. ಯಾರ ಮೇಲೆ ನಗುತ್ತಿದ್ದಾನೆ?

“ನೀಲಿ ಕಟ್ಟಿಕೊಡಿ” ಎಂದ.

“ಸಾರ್, ನೀವೇ ಅಳತೆ ಮಾಡಿ...”

“ಕಟ್ಟಿಕೊಡೀಮ್ಮಾ.”

ಒಳಗೆ ಬಂದ ಏಜೆಂಟ್ ನೀಲಿ ಹೋಗಿದ್ದು ಕಂಡು ಹುಬ್ಬೇರಿಸಿದ. “ಅಯ್ಯೋ ಅಣ್ಣ, ಹೇಳಿದ್ನಲ್ಲ!” ಎಂದು ಕಿತ್ತಳೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ಮರುದಿನ ಬೆಳಿಗ್ಗೆ ಗಾಳಿ ಎಂಥದ್ದೆಂದರೆ ದೂರದ ಬುಟ್ಟಿಯ ಸರಪಳಿಗಳು ತಾವಾಗಿಯೇ ಗಲಗಲ ಎನ್ನುತ್ತಿದ್ದವು. ಮೊದಲ ಎಸೆತ ಬೀಗದವನದು. ಹೆಜ್ಜೆ ಸರಿ ಬಿತ್ತು, ಸೊಂಟ ತಿರುಗಿತು, ಮಂಡಿಯೂ ಮಾತು ಕೇಳಿತು. ಅಂಥ ಎಸೆತ ಅವನ ಕೈಯಿಂದ ವರ್ಷಕ್ಕೊಂದು ಬಂದರೆ ಹೆಚ್ಚು. ನೀಲಿ ಡಿಸ್ಕು ಅರ್ಧ ದಾರಿ ದೊರೆಯಂತೆ ಹೋಯಿತು. ಆಮೇಲೆ ಗಾಳಿಗೆ ಒಮ್ಮೆ ತಲೆ ಎತ್ತಿ, ಬಲಕ್ಕೆ ವಾಲಿ, ವಾಲಿ, ಹೊಂಡದ ನಡುವೆ ಒಂದು ಸಣ್ಣ ಸದ್ದು ಮಾಡಿ ಮುಳುಗಿತು.

ಏಜೆಂಟನ ಎಸೆತ ಅಂಥ ಚೆಲುವಿನದೇನೂ ಅಲ್ಲ. ಆದರೆ ಕಿತ್ತಳೆ ಗಾಳಿಯನ್ನು ಗುಡಿಸಿಕೊಂಡು ಹೋಗಿ, ಕೊನೆಗೆ ಎಡಕ್ಕೆ ಹೊರಳಿ, ಬುಟ್ಟಿಯ ಬುಡದಲ್ಲಿ ಕೂತಿತು. ಅಲ್ಲಿಗೆ ತಂಡದ ಜಾಗವೂ ಹೋಯಿತು.

ಬೀಗದವನು ಕೈ ಕುಲುಕಿದ. ಕುಲುಕಿದ ಕೈಯನ್ನು ಬಿಡಲಿಲ್ಲ.

“ಒಂದು ನಿಜ ಹೇಳು. ಕಿತ್ತಳೆನೇ ಒಳ್ಳೇದು ಅಂತ ನಿನಗೆ ಗೊತ್ತಿತ್ತಾ?”

“ನೋಡಿದ ಕೂಡಲೇ ಗೊತ್ತಾಯ್ತು.”

“ಗೊತ್ತಿದ್ದೂ ನನಗೆ ಯಾಕೆ ಹೇಳಿದೆ?”

ಏಜೆಂಟ್ ತನ್ನ ಇನ್ನೊಂದು ಕೈಯನ್ನು ಅವನ ಹೆಗಲ ಮೇಲೆ ಬಲು ಅಕ್ಕರೆಯಿಂದ ಇಟ್ಟ.

“ಹದಿಮೂರು ವರ್ಷ ಆಯ್ತಲ್ಲಣ್ಣ ನಿಮ್ಮನ್ನ ನೋಡ್ತಾ. ನಿಮ್ಮ ಹತ್ರ ಸುಳ್ಳು ಹೇಳೋ ಪ್ರಮೇಯಾನೇ ಬಂದಿಲ್ಲ ನನಗೆ.”