ನಾಯಿಗೆಂದು ಮಾಡಿದ ಟಾರ್ಚು

ನಾಯಿ ಎಂದು ಯಾಕಾದರೂ ಹೇಳಿದೆನೋ, ಎಂದು ಗುರುಬಸಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಕುರುಗೋಡಿನ ಬಸ್ಸಿನಲ್ಲಿ ದಿನವೂ ಹಿಂದಿನ ಸೀಟಿನಿಂದ ಬೆನ್ನಿಗೆ ಹರಿದು ಬರುವ ಕೈಯ ಸುದ್ದಿ ಹೇಳಿದ್ದರೆ, ಅವ್ವ ಅಂದೇ ಸಾಲೆಯ ನೌಕರಿ ಬಿಡಿಸಿ ಸಿರುಗುಪ್ಪದ ವರನಿಗೆ ಹೂಂ ಅನ್ನುತ್ತಿದ್ದಳು. ಅದಕ್ಕೇ, “ಬಸ್‌ಸ್ಟ್ಯಾಂಡಿನ ಹತ್ರ ನಾಯಿ ಬೆನ್ನು ಹತ್ತತಾವ” ಅಂದಿದ್ದಳು.

ಅಪ್ಪ ಮರಿಬಸಪ್ಪ ನಂಬಿಬಿಟ್ಟ. ಟೆಲಿಫೋನ್ ಲೈನ್‌ಮನ್ ಆಗಿ ರಿಟೈರಾದವನು. ಸತ್ಯನಾರಾಯಣಪೇಟೆಯ ಮನೆಯ ಪಡಸಾಲೆಯಲ್ಲಿ ಕೂತು, ನಾಯಿಗೆ ಶಾಕ್ ಹೊಡೆಯಲೆಂದು ಹಳೆಯ ಟಾರ್ಚಿನೊಳಗೆ ಬಜರ್ ಮತ್ತು ತಾಮ್ರದ ಕಾಯಿಲ್ ಕೂರಿಸಿ, ಮೂತಿಗೆ ಎರಡು ಹಿತ್ತಾಳೆ ಮೊಳೆ ಸಿಕ್ಕಿಸಿದ್ದ.

“ಬಾ ಇಲ್ಲಿ. ನನ್ನ ಕೈ ಹಿಡಕೋ.”

ಕಾಯಿಲ್‌ನ ವಾರ್ನಿಷ್ ವಾಸನೆಗೆ ಎಳೆತನದ ನೆನಪು ಎದ್ದು ಬಂತು. ಇದೇ ಪಡಸಾಲೆಯಲ್ಲಿ ಅಪ್ಪ ಹಳೇ ಟೆಲಿಫೋನಿನ ಹಿಡಿ ತಿರುವಿ ಕರೆಂಟು ಹುಟ್ಟಿಸುತ್ತಿದ್ದ. ಓಣಿಯ ಮಕ್ಕಳೆಲ್ಲ ಕೈಕೈ ಹಿಡಿದು ಸಾಲು ನಿಂತರೆ, ಎರಡು ತುದಿಯವರ ಕೈಗೆ ಒಂದೊಂದು ತಂತಿ. ಜುಂ ಎಂದು ಎಲ್ಲರ ಮೈಯಲ್ಲೂ ಓಡುತ್ತಿತ್ತು. ಇವಳೊಬ್ಬಳು ಹೆದರಿ ಮೊದಲೇ ಕೈ ಬಿಡುವಳು. ಕರೆಂಟು ಅಲ್ಲೇ ತುಂಡು. “ಕೈ ಬಿಡಾಕಿ ಬಂದ್ಲು ನೋಡ್ರೇ!” ಎಂದು ಪಕ್ಕದ ಮನೆಯ ಗೆಳತಿ ಮಾಸುಮಾಬಿ ಕುಣಿಯುವಳು. ಅವಳೀಗ ಮದುವೆಯಾಗಿ ಆದೋನಿಯಲ್ಲಿದ್ದಾಳೆ.

ಗುರುಬಸಮ್ಮ ಅಪ್ಪನ ಕೈ ಹಿಡಿದು ಕಣ್ಣು ಮುಚ್ಚಿದಳು. ಅಪ್ಪ ಟಾರ್ಚನ್ನು ತನ್ನ ತೊಡೆಗೇ ಒತ್ತಿ ಗುಂಡಿ ಅದುಮಿದ. ಚರ್ರ್! ಕಾಲು ತಾನಾಗಿ ಜಿಗಿಯಿತು.

“ಯವ್ವಾ, ಒದೀತು!” ಎಂದು ನಕ್ಕ.

“ನನಗ್ಯಾಕ ಹತ್ತಲಿಲ್ಲಪ್ಪಾ?”

“ಇದು ಸರಪಳಿ ಅಲ್ಲವ್ವಾ. ಈ ಮೊಳಿಯಿಂದ ಆ ಮೊಳಿಗಷ್ಟ ಹಾಯತೈತಿ, ನಡುವಿನ ನರ ಹಿಡಕಂತೈತಿ. ಒತ್ತಿದಾಕಿಗೆ ಏನೂ ಆಗಂಗಿಲ್ಲ.” ಮೊಳೆಗಳನ್ನು ಬೆರಳಿನಿಂದ ಅಳೆದ. “ಆದ್ರ ಗಿಡ್ಡ ಆದ್ವು. ನಾಯಿಗೆ ಕೂದಲ ಇರತಾವ, ಚರ್ಮಕ್ಕ ಮುಟ್ಟಬೇಕಲ್ಲ. ಉದ್ದನ್ನವು ಹಾಕ್ತೀನಿ. ಎಂಥಾ ನಾಯಿ ಅದು? ಕೂದಲ ದಟ್ಟ ಅದಾವೇನು?”

ಅಡುಗೆಮನೆಯಲ್ಲಿ ಅವ್ವನ ಬಳೆಯ ಸದ್ದು ನಿಂತಿತು. ಅಪ್ಪನ ಕೈ ಇನ್ನೂ ಇವಳ ಕೈಯಲ್ಲೇ ಇತ್ತು. ಬೆರಳುಗಳು ಹಳೆಯ ರೂಢಿಯಂತೆ ಸಡಿಲಾದವು. ಮತ್ತೆ ಬಿಗಿಯಾಗಿ ಹಿಡಿದಳು.

“ಅದಕ್ಕ ಕೂದಲಿಲ್ಲಪ್ಪಾ. ಬಸ್ಸಿನಾಗ ನನ್ನ ಹಿಂದಿನ ಸೀಟಿನಾಗ ಕೂಡತೈತಿ. ಮುಂಗೈಗೆ ವಾಚ್ ಕಟ್ಟಿರತೈತಿ.”