ಕಾಗದದ ಮಾಲಕಿ

"ಮಾಲಿಕ್ ಕೌನ್?" ಎಂದು ಕೇಳಿದರು ಲೈಸೆನ್ಸ್ ತಪಾಸಣೆಗೆ ಬಂದ ಅಧಿಕಾರಿ. ಗಲ್ಲಾದಲ್ಲಿ ಕುಳಿತಿದ್ದ ಪದ್ಮನಾಭ ಅಭ್ಯಾಸಬಲದಿಂದ "ಮೈಂ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಕಾಗದದಲ್ಲಿ ಇದ್ದದ್ದು ಹೆಂಡತಿ ಸಾವಿತ್ರಿಯ ಹೆಸರು. ಹೆಂಗಸರ ಹೆಸರಿಗೆ ಸಾಲದ ಬಡ್ಡಿ ಕಡಿಮೆಯೆಂದು ಪರರಾಜ್ಯದ ಅಡಾಜಣ್ ಪೇಟೆಯ ಈ ಉಡುಪಿ ಹೋಟೆಲಿಗೆ ಅವಳನ್ನು ಮಾಲಕಿ ಮಾಡಿದ ಜಾಣ ಅವನೇ.

ಸಾವಿತ್ರಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಹನ್ನೊಂದು ವರ್ಷದಲ್ಲಿ ಅವಳನ್ನು ಗಲ್ಲಾದ ಹತ್ತಿರ ಕರೆದದ್ದು ರುಜು ಹಾಕುವುದಕ್ಕೆ ಮಾತ್ರ.

"ಫಾರ್ಮ್ ಎಲ್ಲ ತುಂಬಿಸಿದ್ದೇನೆ. ಇಲ್ಲೊಂದು ಸೈನ್ ಹಾಕು," ಎಂದ ಪದ್ಮನಾಭ.

ಅವಳು ಓದತೊಡಗಿದಳು. ಇದು ಹೊಸತು. ಪದ್ಮನಾಭನಿಗೆ ಇರಿಸುಮುರಿಸಾಯಿತು.

"ಕೆಲಸದ ಹೆಂಗಸರಿಗೆ ಶೌಚಾಲಯ ಉಂಟು ಅಂತ ಬರ್ದಿದ್ದೀರಲ್ಲ, ಎಲ್ಲಿ ಉಂಟು?"

"ಎಲ್ಲರೂ ಹಾಗೇ ಬರಿಯೂದು ಮಾರಾಯ್ತಿ. ಹೆಂಗಸರು ಹೇಗಾದ್ರೂ ಸುಧಾರಿಸ್ತಾರೆ."

"ಗಂಡಸರಿಗೆ ಹಿಂದೆ ಉಂಟು. ನಿಮಗೆ ಬೀಗ ಹಾಕಿದ್ದು ಬೇರೆಯೇ ಉಂಟು. ನಾವು ಐದು ಜನ ರಸ್ತೆ ದಾಟಿ ಪೆಟ್ರೋಲ್ ಬಂಕಿಗೆ ಓಡ್ಬೇಕು. ಸುಧಾರಿಸಿದ್ದು ಸಾಕು."

ಸಾವಿತ್ರಿ ಪೆನ್ನು ಮೇಜಿನ ಮೇಲಿಟ್ಟಳು. ಅಧಿಕಾರಿಗೆ ಕನ್ನಡ ಬಾರದಿದ್ದರೂ ರುಜು ಬೀಳುತ್ತಿಲ್ಲವೆಂಬುದು ತಿಳಿಯಿತು, ಗಡಿಯಾರ ನೋಡಿಕೊಂಡರು. ರುಜುವಿಲ್ಲದೆ ಲೈಸೆನ್ಸ್ ಇಲ್ಲ. ಪದ್ಮನಾಭನಿಗೆ ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ.

"ಬರುವ ತಿಂಗಳು ಕಟ್ಟಿಸುವ. ಈಗ ಸೈನ್ ಹಾಕು."

"ಕಟ್ಟಿಸೂದು ಬೇಡ. ಇದ್ದದ್ದರ ಬೀಗದ ಕೈ ಕೊಡಿ."

"ಅದು ನನ್ನದು..."

"ಮಾಲೀಕರಿಗೆ ಅಂತ ಕಟ್ಟಿಸಿದ್ದಲ್ವಾ? ಮಾಲಕಿ ನಾನು."

ಪದ್ಮನಾಭ ಅಧಿಕಾರಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಕೊನೆಗೆ ಕಿಸೆಯಿಂದ ಬೀಗದ ಕೈ ತೆಗೆದುಕೊಟ್ಟ. "ಈಗ ನೀವು ಬರ್ದದ್ದು ಸುಳ್ಳಲ್ಲ," ಎಂದು ಸಾವಿತ್ರಿ ರುಜು ಹಾಕಿದಳು.

ಅಡುಗೆಮನೆಗೆ ಮರಳಿ, ಈರುಳ್ಳಿ ಹೆಚ್ಚುತ್ತಿದ್ದ ರಮೀಲಾಬೆನ್‌ಳ ಅಂಗೈಯಲ್ಲಿ ಬೀಗದ ಕೈ ಇಟ್ಟು, ಅದು ಯಾವುದರದೆಂದು ಹೇಳಿದಳು. ಬೆಳಿಗ್ಗೆ ಆರಕ್ಕೆ ಬಂದರೆ, ಬಂಕಿಗೆ ಓಡಬೇಕಾದೀತೆಂದು ಸಂಜೆ ಮನೆ ಮುಟ್ಟುವವರೆಗೆ ಗಂಟಲು ಒದ್ದೆ ಮಾಡದ ಹೆಂಗಸು ರಮೀಲಾಬೆನ್. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಎದ್ದುಹೋಗಿ, ದೊಡ್ಡ ಚೊಂಬಿನ ತುಂಬ ನೀರು ಹಿಡಿದು, ಗಟಗಟನೆ ಪೂರ್ತಿ ಕುಡಿದಳು.